ದೂರದ ಬಾಗಿಲು ಮೊದಲು

ನಾಲ್ಕು ಕೋಣೆ, ನಾಲ್ಕು ಬಾಗಿಲಿನ ಒಂದು ಮನೆ. ಆ ಮನೆಯ ಬೆಳಕಿಂಡಿಯಿಂದ ಒಂದು ದಿನ ಗಾಳಿದೆವ್ವವೊಂದು ಒಳಗೆ ಇಳಿದುಬಿಟ್ಟಿತು. ಅದಕ್ಕೆ ಕೋರೆಹಲ್ಲಿಲ್ಲ, ಉಗುರಿಲ್ಲ. ಅದರ ಕಾಟ ಒಂದೇ: ಮನೆಯಲ್ಲಿ ಯಾರು ಏನನ್ನು ಒತ್ತಿ ಹಿಡಿದರೂ ಅದು ಮೆತ್ತಗಾಗಿಬಿಡುತ್ತದೆ. ಒನಕೆ ಹತ್ತಿಯಾಯಿತು, ಬಾಗಿಲ ಅಗುಳಿ ಬೆಣ್ಣೆಯಾಯಿತು, ರಾಗಿಕಲ್ಲು ಹೂವಾಯಿತು. ಸೊಸೆ ಪೊರಕೆ ಹಿಡಿದು ಹತ್ತಿರದ ಬಾಗಿಲು ತೆರೆದಳು. ದೆವ್ವ ದೂರದ ಕೋಣೆಗೆ ಓಡಿ ಅಡಗಿಕೊಂಡಿತು. ಮರುದಿನ ಮತ್ತೆ ಬಂತು. ಕೊನೆಗೆ ಅವಳಿಗೆ ಉಪಾಯ ಹೊಳೆಯಿತು. ಎಲ್ಲಕ್ಕಿಂತ ದೂರದ ಬಾಗಿಲನ್ನು ಮೊದಲು ತೆರೆದು, ಅದು ಬಂದ ಬೆಳಕಿಂಡಿಯ ಕಡೆಯಿಂದಲೇ ಅದನ್ನು ಆ ಬಾಗಿಲತ್ತ ನೂಕಿಕೊಂಡು ಹೋದಳು. ದೆವ್ವ ರಾಮನಗರದ ಬಂಡೆಗಳ ಸಂದಿಗೆ ಹೋಗಿ ಸೇರಿಕೊಂಡಿತು. ಅಲ್ಲಿ ಇವತ್ತಿಗೂ ಗಾಳಿ ಸಿಳ್ಳೆ ಹಾಕುವುದು ಅದಕ್ಕೇ.

ನನ್ನ ಅಜ್ಜಿ ಮಂಗಳಗೌರಿ ಈ ಕಥೆ ಹೇಳುವಾಗ ಒಂದು ಕರಾರಿತ್ತು. ಕೇಳುವವರು ಮಾತು ಮಾತಿಗೂ ಹೂಂಗುಟ್ಟಬೇಕು. ‘ಹೂಂ’ ನಿಂತರೆ ಕಥೆಯೂ ನಿಲ್ಲುತ್ತದೆ. ನಾನು ಬಿಡದಿಯ ಕಾರು ಕಾರ್ಖಾನೆಗೆ ಸೇರಿ ಅಲ್ಲೇ ಪಿ.ಜಿ.ಯಲ್ಲಿ ಉಳಿದುಕೊಂಡ ಮೇಲೆ ಅಜ್ಜಿ ಫೋನಿನಲ್ಲಿ ಕಥೆ ಹೇಳಲು ನೋಡಿದಳು. ಆದರೆ ನನ್ನ ‘ಹೂಂ’ ಅಲ್ಲಿಗೆ ತಲುಪುವುದು ಒಂದು ಉಸಿರು ತಡ. ಅಷ್ಟರಲ್ಲಿ ಅಜ್ಜಿ, “ನಿದ್ದೆ ಬಂದೈತೆ ಮಗೀಗೆ, ಮಲಿಕ್ಕೊಳ್ಲಿ” ಎಂದು ಫೋನು ಇಟ್ಟುಬಿಡುತ್ತಿದ್ದಳು. ನಾನು ಕಣ್ಣು ಬಿಟ್ಟುಕೊಂಡು, ರೂಮಿನ ಜೊತೆಗಾತಿ ಸಾನಾಳ ಗೊರಕೆಗೆ ಹೂಂಗುಟ್ಟುತ್ತ ಬಿದ್ದಿರುತ್ತಿದ್ದೆ.

ನಮ್ಮೂರು ಹೊಂಗನೂರಿನಿಂದಲೇ ಕೆಲಸಕ್ಕೆ ಹೋಗಬಹುದಿತ್ತು. ಕಾರ್ಖಾನೆಯ ಬಸ್ಸು ಚನ್ನಪಟ್ಟಣಕ್ಕೆ ಬರುವುದು ಬೆಳಕು ಹರಿಯುವ ಮುಂಚೆ. ನಮ್ಮೂರಿನ ಮೊದಲ ಬಸ್ಸು ಅಲ್ಲಿ ಮುಟ್ಟುವುದು ಅದು ಹೊರಟುಹೋದ ಮೇಲೆ. ನಡುವಿನ ಆ ಒಂದಿಷ್ಟು ದಾರಿಗೆ ನನಗೆ ಬೇಕಾಗಿದ್ದದ್ದು ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದ ತಾತನ ಬಿಳಿ ಕಾರು. ಎಂಜಿನ್ನು ಓಡುತ್ತಿತ್ತು. ಹಿಂದಿನ ಚಕ್ರದ ಬ್ರೇಕು ಸೋರುತ್ತಿತ್ತು. ಹೋದ ರಜೆಯಲ್ಲಿ ನಾನೇ ಆ ಚಕ್ರ ಬಿಚ್ಚಿ, ಹೊಸ ಸಿಲಿಂಡರು ತಂದು ಕೂರಿಸಿದೆ. ಸೋರುವುದು ನಿಂತಿತು. ಆದರೆ ಬಿಚ್ಚಿದ ದಾರಿಯಲ್ಲಿ ಬ್ರೇಕ್ ಆಯಿಲಿನೊಳಗೆ ಗಾಳಿ ಸೇರಿ, ಪೆಡಲು ಒತ್ತಿದರೆ ನೆಲಕ್ಕೇ ಹೋಗತೊಡಗಿತು. ಒನಕೆ ಹತ್ತಿಯಾಗಿತ್ತು.

ಈ ಸಲ ರಜೆಗೆ ಬಂದಾಗ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಮೇಯುತ್ತಿದ್ದವು. ಹುಳದ ಮನೆಯ ಬಾಗಿಲಲ್ಲಿ ನಿಂತರೆ ಸಾಕು, ಒಳಗೆ ಸಣ್ಣ ಮಳೆ ಬಿದ್ದಂತೆ ಸೊಪ್ಪು ಕಡಿಯುವ ಸದ್ದು. ಅಪ್ಪ ಅಮ್ಮನಿಗೆ ಕೂತು ಉಣ್ಣಲೂ ಬಿಡುವಿಲ್ಲ.

“ಹುಳ ನಾಳಿದ್ದುಕ್ಕೆ ಹಣ್ಣಾಯ್ತವೆ ಕಣವ್ವಾ,” ಅಂದ ಅಪ್ಪ, ಸೊಪ್ಪಿನ ಹೊರೆ ಇಳಿಸುತ್ತ. “ಗೂಡು ಕಟ್ಟಾಕೆ ಬುಡ್ಬೇಕು. ಅಷ್ಟಗಲ ಬಿದುರಿನ ಚಂದ್ರಿಕೆಗಳ್ನ ಎಲ್ಲಿ ನಿಲ್ಸನಾ? ನಿನ್ ಕಾರಿನ ನೆತ್ತಿ ಮ್ಯಾಲಾ? ಶೆಡ್ಡು ಖಾಲಿ ಆಗ್ಬೇಕು. ಮುಕ್ತಿಯಾರ್‌ಗೆ ಹೇಳಿವ್ನಿ. ನಾಳೆ ಬಂದು ಎಳ್ಕೊಂಡೋಯ್ತಾನೆ.”

ಮುಕ್ತಿಯಾರ್ ಚನ್ನಪಟ್ಟಣದಲ್ಲಿ ಹಳೇ ಗಾಡಿ ಕೊಂಡು ಬಿಚ್ಚಿ ಮಾರುವವನು. ಅವನ ಹಗ್ಗಕ್ಕೆ ಕಟ್ಟಿದ ಗಾಡಿ ಮತ್ತೆ ಗಾಡಿಯಾಗಿ ಬಂದದ್ದಿಲ್ಲ.

“ಗೇಟಿನ ಆಚೆ ಹೊಂಗೆಮರದ ಕೆಳಗೆ ನಿಲ್ಲಿಸ್ತೀನಿ, ಬಿಡಪ್ಪ.”

“ಹೆಂಗ್ ನಿಲ್ಲುಸ್ತೀಯೆ? ಬ್ರೇಕೇ ಇಲ್ಲ! ಗೇಟ್ ದಾಟುದ್ರೆ ಇಳುಕ್ಲು, ಇಳುಕ್ಲು ಮುಗುದ್ರೆ ಕೆರೆ. ನಿನ್ ಕಾರು ಕೆರೇಲಿ ಮೀನ್ ಹಿಡೀತೈತೆ ಅಷ್ಟೆ.”

“ಇವತ್ತೇ ರಿಪೇರಿ ಮಾಡ್ತೀನಿ.”

“ಮಾಡು. ಮುಕ್ತಿಯಾರ್ ಬರೋ ಹೊತ್ಗೆ ಬ್ರೇಕ್ ಹಿಡುದ್ರೆ ಕಾರು ನಿಂದು. ಇಲ್ದಿದ್ರೆ ಅವುಂದು. ಮಾತಂದ್ರೆ ಮಾತು. ಆದ್ರೆ ಹೊರುಗ್ನೋರು ಯಾರೂ ಒಳೀಕ್ ಬರಂಗಿಲ್ಲ. ನೀನೂ ಆ ಎಣ್ಣೆ ಕೈಲಿ ಹುಳದ್ ಮನೆ ಕಡೀಕೆ ತಲೆ ಹಾಕಂಗಿಲ್ಲ.”

ಹುಳ ಇರುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಟ್ಟುಪಾಡು. ಪರರ ಕಾಲಿನ ಧೂಳು ಆಗದು, ಬೀಡಿ ಹೊಗೆ ಆಗದು, ಒಗ್ಗರಣೆಯ ಘಾಟೂ ಆಗದು. ಗೇಟಿನಲ್ಲಿ ಬ್ಲೀಚಿಂಗ್ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತದೆ. ಮನೆಯವರೂ ಅದನ್ನು ತುಳಿದೇ ಒಳಗೆ ಬರಬೇಕು. ಅಂದಮೇಲೆ ಮೆಕ್ಯಾನಿಕ್ಕು ಬರುವಂತಿಲ್ಲ. ಸೊಪ್ಪು ಮುಟ್ಟುವ ಅಪ್ಪ ಅಮ್ಮ ಬ್ರೇಕ್ ಆಯಿಲು ಮುಟ್ಟುವಂತಿಲ್ಲ. ಬ್ರೇಕಿನ ಗಾಳಿ ತೆಗೆಯುವುದಕ್ಕೋ, ಊರ ಗ್ಯಾರೇಜುಗಳಲ್ಲೆಲ್ಲ ಇಬ್ಬರು ಬೇಕು: ಒಬ್ಬರು ಪೆಡಲು ಒತ್ತಿ ಹಿಡಿಯಲು, ಇನ್ನೊಬ್ಬರು ಚಕ್ರದ ಹಿಂದೆ ಗಾಳಿ ಹೊರಬಿಡಲೆಂದೇ ಇರುವ ನಿಪ್ಪಲ್ಲನ್ನು ಸಡಿಲಿಸಿ ಮುಚ್ಚಲು. ಮನೆಯಲ್ಲಿ ಕೈ ಖಾಲಿ ಇದ್ದವಳು ಅಜ್ಜಿ ಒಬ್ಬಳೇ.

ಅಜ್ಜಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣೆಯ ವಿಭೂತಿಯನ್ನು ಕನ್ನಡಿಯಲ್ಲಿ ನೋಡಿಕೊಂಡಳು.

“ಒತ್ತಜ್ಜಿ!” ನಾನು ಕಾರಿನ ಕೆಳಗಿನಿಂದ ಕೂಗಿದೆ.

“ಒತ್ದೆ.”

“ಹಂಗೇ ಹಿಡ್ಕೋ, ಬಿಡಬೇಡ.”

“ಹಿಡ್ಕಂಡೆ. ಅಲ್ಲಾ ಕಣೆ ಕವ್ನಾ, ನಿಮ್ ತಾತ ಇದ್ರಲ್ಲಿ ಒಂದ್ ಸಲ ನನ್ನ ಕೂರುಸ್ಕೊಂಡು ಕೆಂಗಲ್‌ತಾವ...”

“ಅಜ್ಜೀ, ಬಿಟ್ಟೆಯಾ?”

“ಅಯ್ಯೋ, ಯಾವಾಗ್ ಬುಟ್ನೋ! ಮಂಡಿ ಹಿಡ್ಕಂತು ಕಣವ್ವಾ.”

ನಿಪ್ಪಲ್ಲು ತೆರೆದಿರುವಾಗ ಪೆಡಲು ಬಿಟ್ಟರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ. ಇನ್ನೂ ಕೆಲವು ಸಲ ನೋಡಿದೆವು. ಕೆಂಗಲ್ಲಿಗೆ ಹೋದ ಕಥೆ ಮುಗಿಯಿತೇ ಹೊರತು ದೆವ್ವ ಜಗ್ಗಲಿಲ್ಲ. ಅಜ್ಜಿ ಮಂಡಿ ಉಜ್ಜಿಕೊಳ್ಳುತ್ತ ಜಗಲಿಗೆ ಹೋದಳು.

ನಾನು ಸುಮ್ಮನೆ ಕೂರುವವಳಲ್ಲ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಬ್ರೇಕ್ ಆಯಿಲು ತುಂಬುವುದು. ಅಲ್ಲಿ ಯಾರೂ ಪೆಡಲು ಒತ್ತುವುದಿಲ್ಲ. ಕಾರಿನ ಬಾನೆಟ್ಟಿನ ಕೆಳಗಿರುವ ಆಯಿಲ್ ಡಬ್ಬಿಯ ಬಾಯಿಗೆ ಮಷೀನಿನ ಮೂತಿ ಕೂರಿಸಿದರೆ, ಅದು ಒತ್ತಡದಲ್ಲಿ ಆಯಿಲನ್ನು ತಳ್ಳುತ್ತದೆ; ಹಸಿರು ದೀಪ ಹತ್ತುತ್ತದೆ. “ಬಟನ್ ಒತ್ತೋ ಕೆಲ್ಸುಕ್ಕೆ ಡಿಪ್ಲೊಮಾ ಬೇಕಾಗಿತ್ತಾ?” ಎಂದು ಅಪ್ಪ ಆಗಾಗ ಕಿಚಾಯಿಸುವುದು ಇದನ್ನೇ. ಮೇಲಿನಿಂದ ಒತ್ತಡ ಕೊಡುವ ಒಂದು ಸಾಧನ ಸಿಕ್ಕರೆ ಒಬ್ಬಳೇ ಮಾಡಬಹುದು. ಅದಕ್ಕೆಂದೇ ಆಯಿಲ್ ಡಬ್ಬಿಗೆ ಹೊಂದುವ ಹಳೆಯ ಮುಚ್ಚಳವೊಂದನ್ನು ತಂದು, ನಡುವೆ ತೂತು ಕೊರೆದು, ಟೈರಿನ ವಾಲ್ವಿನ ಮೂತಿ ಕೂರಿಸಿ ಇಟ್ಟುಕೊಂಡಿದ್ದೆ. ಒತ್ತಡಕ್ಕೆ ಶೆಡ್ಡಿನ ಮೊಳೆಯಲ್ಲಿ ತೂಗುತ್ತಿದ್ದ ಹಳೆಯ ಸ್ಪ್ರೇಯರ್ ಇತ್ತು. ಹುಳ ತರುವ ಮುಂಚೆ ಹುಳದ ಮನೆಯ ಗೋಡೆಗೆಲ್ಲ ಬ್ಲೀಚಿಂಗ್ ಪೌಡರಿನ ನೀರು ಹೊಡೆಯುವ, ಕೈಯಲ್ಲಿ ಪಂಪು ಮಾಡುವ ಸ್ಪ್ರೇಯರ್. ಆಯಿಲನ್ನು ಅದರೊಳಗೆ ಸುರಿದು ಪಂಪು ಮಾಡಿದರೆ ಮನೆಯಲ್ಲೇ ಕಾರ್ಖಾನೆ.

ಬ್ರೇಕ್ ಆಯಿಲಿಗೆ ನೀರು ಶತ್ರು. ಒಂದು ಹನಿ ಸೇರಿದರೂ ಕೆಟ್ಟಿತು ಎಂದು ಕೆಲಸಕ್ಕೆ ಸೇರಿದ ದಿನವೇ ನಮ್ಮ ತಲೆಗೆ ತುಂಬಿದ್ದಾರೆ. ಹಾಗಾಗಿ ನಾನು ಆ ಸ್ಪ್ರೇಯರನ್ನು ತೊಳೆಯಲೇ ಇಲ್ಲ. ಒಣಬಟ್ಟೆ ತುರುಕಿ ಒರೆಸಿದೆ. ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಅಂಟಿಕೊಂಡದ್ದು ಬರಲಿಲ್ಲ. ಒಣಗಿದೆಯಲ್ಲ, ಸಾಕು ಎಂದುಕೊಂಡೆ. ಒಂದು ಬಾಟಲಿ ಆಯಿಲು ಸುರಿದು, ಪೈಪು ತರಲು ಎದ್ದೆ.

ಪೈಪು ಹುಡುಕುತ್ತ ನನ್ನ ಮನಸ್ಸು ಆಗಲೇ ಚನ್ನಪಟ್ಟಣದ ದಾರಿ ಹಿಡಿದಿತ್ತು. ಕೆರೆ ಏರಿಯ ಮೇಲೆ ಮಂಜು, ಪಕ್ಕದ ಸೀಟಿನಲ್ಲಿ ಟಿಫಿನ್ ಡಬ್ಬಿ... ಹಿಂದಿನಿಂದ ‘ಸುಂಯ್’ ಎಂದಿತು. ತಿರುಗಿ ನೋಡಿದರೆ ಸ್ಪ್ರೇಯರಿನ ಬಾಯಿಂದ ಹೊಗೆ. ಮೊದಲು ಎಳೆಯಾಗಿ, ಆಮೇಲೆ ಬೆಳ್ಳಗೆ ದಪ್ಪಗೆ, ಮೂಗು ಸುಡುವ ಘಾಟು. ಬ್ಲೀಚಿಂಗ್ ಪೌಡರೂ ಬ್ರೇಕ್ ಆಯಿಲೂ ಸೇರಬಾರದ ಜಾತಕಗಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾರ್ಖಾನೆಯವರಿಗೆ ಹುಳದ ಮನೆ ಗೊತ್ತಿಲ್ಲ. ಹುಳದ ಮನೆಯವರಿಗೆ ಕಾರ್ಖಾನೆ ಗೊತ್ತಿಲ್ಲ.

ಸೊಪ್ಪು ಎಳೆಯುವ ಉದ್ದನೆಯ ಕೊಕ್ಕೆಗೆ ಸ್ಪ್ರೇಯರಿನ ಪಟ್ಟಿ ಸಿಕ್ಕಿಸಿಕೊಂಡು ದರದರ ಎಳೆದೆ. ಗೇಟಿನ ಪಕ್ಕದ ಖಾಲಿ ತಿಪ್ಪೆಗುಂಡಿಗೆ ಅದನ್ನು ಕೆಡವಿದ್ದೇ ತಡ, ಭುಗ್ಗೆಂದು ಬೆಂಕಿ ಹತ್ತಿತು. ಸಲಿಕೆಯಲ್ಲಿ ಮಣ್ಣು ಬಾಚಿ ಬಾಚಿ ಮುಚ್ಚಿದೆ. ತಲೆಯೆತ್ತಿ ಹೊಂಗೆಮರ ನೋಡಿದೆ: ಎಲೆಗಳೆಲ್ಲ ರಸ್ತೆಯ ಕಡೆಗೆ ವಾಲುತ್ತಿದ್ದವು. ಸದ್ಯ, ಗಾಳಿ ಹುಳದ ಮನೆಯ ಕಡೆಗೆ ಇರಲಿಲ್ಲ.

ಅಪ್ಪ ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ಓಡಿಬಂದ. ಮಣ್ಣಿನಿಂದ ಇನ್ನೂ ಎದ್ದೇಳುತ್ತಿದ್ದ ಹೊಗೆ ನೋಡಿ ಅವನ ಮುಖ ಕಪ್ಪಾಯಿತು.

“ಏನೇ ಇದು? ಮನೆ ಸುಡಾಕ್ ಹೊಂಟಿದ್ದೀಯಾ? ಗಾಳಿ ಒಸಿ ಈ ಕಡೀಕ್ ತಿರುಗಿದ್ರೆ ಅಷ್ಟು ಹುಳಾನೂ ಬಾಯಿ ಬುಟ್ಕೊಂಡ್ ಸಾಯೋವು!”

“ಅಪ್ಪಾ, ಸ್ಪ್ರೇಯರಲ್ಲಿ ಪೌಡರ್...”

“ಬ್ಯಾಡ. ಏನೂ ಹೇಳ್‌ಬ್ಯಾಡ.” ಅಲ್ಲೇ ಫೋನು ತೆಗೆದ. “ಮುಕ್ತಿಯಾರಾ? ನಾಳೆ ಬ್ಯಾಡ ಕಣೋ. ಈವತ್ತೇ ಬಾ. ಹೂಂ, ಹೊತ್ ಮುಳುಗೋದ್ರೊಳ್ಗೆ ಬಾ.”

ಅವನು ಹೋದ ಮೇಲೆ ನನಗೆ ಅಳು ಬಂತು. ಅಳಲು ಕಾರಿನ ಪಕ್ಕ ಕೂತೆ. ಒಂದು ಬಾಟಲಿ ಆಯಿಲು ಬೂದಿಯಾಗಿತ್ತು, ಉಳಿದದ್ದು ಒಂದೇ. ಬೈಕಿಗೆ ಗಾಳಿ ಹೊಡೆಯುವ ಕಾಲುಪಂಪನ್ನೇ ಮುಚ್ಚಳಕ್ಕೆ ಸಿಕ್ಕಿಸೋಣವೆಂದರೆ, ನಾನು ಪಂಪು ಬಿಟ್ಟು ಚಕ್ರದ ಹತ್ತಿರ ಓಡುವಷ್ಟರಲ್ಲಿ ಅದರ ದಮ್ಮು ಇಳಿದುಹೋಗುತ್ತದೆ. ಬೇಕಾಗಿದ್ದದ್ದು ನಿಧಾನಕ್ಕೆ ಉಸಿರು ಬಿಡುವ, ದೊಡ್ಡ ಹೊಟ್ಟೆಯ ಏನಾದರೊಂದು.

ಅಜ್ಜಿ ಮಜ್ಜಿಗೆ ತಂದಳು. “ಕುಡಿ. ಎದ್ದು ಈ ಕಡೀಕ್ ಬಾ, ನೆರಳಲ್ ಕೂತ್ಕೊ. ಅದೇನು, ಚಕ್ರದ್ ಮ್ಯಾಲೆ ಕೂತಿದ್ದೀಯಲ್ಲ, ಕೋಳಿ ಕಾವಿಗ್ ಕೂತಂಗೆ?”

ಹೌದು, ನಾನು ಕೂತಿದ್ದದ್ದು ಸ್ಟೆಪ್ನಿಯ ಮೇಲೆ. ಬೆಳಿಗ್ಗೆ ಡಿಕ್ಕಿಯಿಂದ ಜ್ಯಾಕ್ ತೆಗೆಯುವಾಗ ಅದನ್ನೂ ಇಳಿಸಿ ನೆಲಕ್ಕೆ ಹಾಕಿದ್ದೆ. ಅಂಗೈಯಲ್ಲಿ ಒತ್ತಿದೆ. ಸ್ವಲ್ಪ ಬಗ್ಗಿತು, ಆಮೇಲೆ ಬಗ್ಗಲಿಲ್ಲ. ಮತ್ತೆ ಒತ್ತಿದೆ. ಯಾವತ್ತೋ ತಾತ ತುಂಬಿಸಿದ ಗಾಳಿ, ಯಾರಿಗೂ ಕೊಡದೆ ಹೊಟ್ಟೆಯಲ್ಲಿಟ್ಟುಕೊಂಡು ಮಲಗಿತ್ತು.

“ಅಜ್ಜೀ!” ಎದ್ದು ನಿಂತೆ. ಮಜ್ಜಿಗೆ ಅರ್ಧ ಸ್ಟೆಪ್ನಿಗೇ ಅಭಿಷೇಕವಾಯಿತು.

ಕಾಲುಪಂಪಿನ ಪೈಪು ಬಿಚ್ಚಿದೆ. ಅದರ ಹಿತ್ತಾಳೆ ಮೂತಿ ಸ್ಟೆಪ್ನಿಯ ವಾಲ್ವಿಗೆ. ಇನ್ನೊಂದು ತುದಿ ನನ್ನ ತೂತು ಮುಚ್ಚಳಕ್ಕೆ, ಮೇಲೊಂದು ಕ್ಲಿಪ್ಪು. ಮೀಟರು ಇಟ್ಟು ನೋಡಿದರೆ ಸ್ಟೆಪ್ನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯಿತ್ತು. ಇಷ್ಟು ಒತ್ತಿದರೆ ಪ್ಲಾಸ್ಟಿಕ್ ಡಬ್ಬಿ ಸಿಡಿದೀತು. ಮುಳ್ಳು ಇಪ್ಪತ್ತಕ್ಕಿಂತ ಕೆಳಗೆ ಬರುವ ತನಕ ಉಸ್ಸೆಂದು ಬಿಟ್ಟೆ. ಈ ಸಲ ಆಯಿಲು ಕಾರಿನ ಡಬ್ಬಿಯಲ್ಲೇ ಇರಲಿ, ಹೊರಗಿನಿಂದ ಬರುವುದು ಬರೀ ಗಾಳಿ. ಡಬ್ಬಿ ತುಂಬ ಆಯಿಲು ಸುರಿದು, ಮುಚ್ಚಳ ಬಿಗಿದು, ಪೈಪಿನ ಮೂತಿಯನ್ನು ಸ್ಟೆಪ್ನಿಗೆ ಒತ್ತಿದೆ.

ಪುಸ್! ಮುಚ್ಚಳದ ಅಂಚಿನಲ್ಲಿ ಆಯಿಲು ಕಾರಿತು. ಕೂಡಲೇ ಪೈಪು ಕಿತ್ತು, ಬಿದ್ದಿದ್ದ ಹನಿಗಳನ್ನು ಒರೆಸಿದೆ. ಬಣ್ಣವನ್ನೇ ತಿನ್ನುವ ಆಯಿಲು ಅದು. ಹಳೆಯ ಸೈಕಲ್ ಟ್ಯೂಬಿನಿಂದ ಉಂಗುರದಂತೆ ರಬ್ಬರು ಕತ್ತರಿಸಿ ಮುಚ್ಚಳದೊಳಗೆ ಕೂರಿಸಿದೆ. ಮತ್ತೆ ಒತ್ತಿದೆ. ಕಿವಿಯಿಟ್ಟು ಕೇಳಿದೆ. ಉಸಿರಿಲ್ಲ. ಹಿಡಿದುಕೊಂಡಿತು.

“ಯಾವ್ ಚಕ್ರ ಮೊದ್ಲು?” ಜಗಲಿಯಿಂದ ಅಜ್ಜಿ ಕೇಳಿದಳು.

“ದೂರದ ಬಾಗಿಲು ಮೊದಲು.”

ಅಜ್ಜಿಯ ಕಣ್ಣುಗಳು ಸಣ್ಣಗಾದವು. ಅವಳಿಗೆ ಗೊತ್ತಾಯಿತು. “ಹೂಂ,” ಅಂದಳು. ಆ ಮನೆಯಲ್ಲಿ ಕಥೆಗೆ ಹೂಂಗುಟ್ಟುವವಳು ಮೊದಲ ಬಾರಿಗೆ ಅವಳಾಗಿದ್ದಳು.

ಡಬ್ಬಿ ಇರುವುದು ಡ್ರೈವರಿನ ಕಡೆ. ಅದರಿಂದ ಎಲ್ಲಕ್ಕಿಂತ ದೂರ ಹಿಂದಿನ ಎಡಚಕ್ರ. ಕೆಳಗೆ ನುಸುಳಿ, ನಿಪ್ಪಲ್ಲಿಗೆ ರಿಂಗ್ ಸ್ಪ್ಯಾನರ್ ಹಾಕಿ, ಅದರ ಮೂತಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಂದಿಷ್ಟು ಆಯಿಲಿದ್ದ ಬಾಟಲಿಯಲ್ಲಿ ಮುಳುಗಿಸಿಟ್ಟೆ. ಸ್ಪ್ಯಾನರನ್ನು ಇಷ್ಟೇ ಇಷ್ಟು ತಿರುವಿದೆ.

ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ. ಆದರೂ ಪೈಪಿನಲ್ಲಿ ಕಪ್ಪು ಆಯಿಲು ತಾನೇ ತಾನಾಗಿ ತೆವಳಿ ಬಂತು. ಹಿಂದೆಯೇ ಗುಳ್ಳೆ. ಒಂದು, ಇನ್ನೊಂದು, ಆಮೇಲೆ ಗುಂಪು ಗುಂಪಾಗಿ ಬಾಟಲಿಯ ತಳದಲ್ಲಿ ಬುಳುಬುಳು ಬುಳುಬುಳು. ದೆವ್ವ ಗಂಟುಮೂಟೆ ಕಟ್ಟಿ ಹೊರಟಿತ್ತು! ನಾನು ನೆಲದಲ್ಲಿ ಅಂಗಾತ ಬಿದ್ದುಕೊಂಡೇ ನಗತೊಡಗಿದೆ. ಗುಳ್ಳೆ ವಿರಳವಾದವು. ಕೊನೆಗೆ ಜೇನುಬಣ್ಣದ ಹೊಸ ಆಯಿಲು, ಬಿಸಿನೀರಿನ ತೊಟ್ಟಿಯಿಂದ ರೇಷ್ಮೆಗೂಡಿನ ನೂಲು ಬಿಚ್ಚಿಕೊಂಡಂತೆ, ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಹರಿಯಿತು. ನಿಪ್ಪಲ್ಲು ಬಿಗಿದೆ. ಪೈಪು ತೆಗೆದು ಒತ್ತಡ ಇಳಿಸಿ, ಡಬ್ಬಿಗೆ ಮತ್ತೆ ಆಯಿಲು ತುಂಬಿ, ಮುಂದಿನ ಬಾಗಿಲು: ಹಿಂದಿನ ಬಲ.

ಮೂರನೆಯದರಲ್ಲಿ ಕೆಡಿಸಿಕೊಳ್ಳುವುದರಲ್ಲಿದ್ದೆ. ಮುಂದಿನ ಎಡಚಕ್ರದ ಎಳೆ ಬಿಸಿಲಿಗೆ ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತೆಂದರೆ, ಈ ನೂಲಿನಿಂದ ಸೀರೆ ನೇಯ್ದರೆ ಅದನ್ನು ಉಡುವ ರಾಣಿ ಎಂಥವಳಿರಬಹುದು, ಅವಳು ನಡೆದರೆ ಸದ್ದಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತ ಕೂತುಬಿಟ್ಟೆ.

“ಕವ್ನಾ! ಹೂಂ?” ಅಜ್ಜಿ ಕೂಗಿದಳು. “ಏನಾಯ್ತೆ? ಕತೆ ನಿಂತೋಯ್ತಲ್ಲ!”

ಧಡಕ್ಕನೆ ಸ್ಪ್ಯಾನರು ತಿರುವಿದೆ. ಓಡಿ ಬಂದು ನೋಡಿದರೆ ಡಬ್ಬಿಯ ತಳದಲ್ಲಿ ಬೆರಳಗಲ ಆಯಿಲು ಉಳಿದಿತ್ತು. ಇನ್ನೊಂದು ಚೂರು ಹರಿದಿದ್ದರೆ ಬೆಳಕಿಂಡಿ ಬರಿದಾಗಿ, ದೆವ್ವ ಮತ್ತೆ ಮೊದಲ ಕೋಣೆಯಲ್ಲಿ. ಹೊಸ ಆಯಿಲಿನ ಬಾಟಲಿಯನ್ನು ಬೋರಲು ಹಾಕಿ, ಕೊನೆಯ ಹನಿಯನ್ನೂ ಡಬ್ಬಿಗೆ ಬಸಿದೆ. ನಾಲ್ಕನೆಯ ಚಕ್ರದ ಮುಂದೆ ಕೂತಾಗ ಯಾವ ರಾಣಿಯನ್ನೂ ಹತ್ತಿರ ಸೇರಿಸಲಿಲ್ಲ. ಮುಗಿದಾಗ ಡಬ್ಬಿಯಲ್ಲಿ ಆಯಿಲು ಗೆರೆಗೆ ಸರಿಯಾಗಿ ನಿಂತಿತ್ತು.

ಸೀಟಿನಲ್ಲಿ ಕೂತೆ. ಕಾಲು ಪೆಡಲಿನ ಮೇಲಿಟ್ಟೆ. ಒತ್ತಲು ಭಯ.

ಒತ್ತಿದೆ. ಸ್ವಲ್ಪ ಇಳಿಯಿತು. ನಿಂತಿತು. ಇನ್ನೂ ಜೋರಾಗಿ ಒತ್ತಿದೆ. ಕಲ್ಲು! ಇಷ್ಟು ದಿನ ನಿದ್ದೆ ಹೋಗಿದ್ದ ಪೆಡಲು ನನ್ನ ಪಾದಕ್ಕೆ ಗಟ್ಟಿಯಾಗಿ ‘ಹೂಂ’ ಅಂದಿತು. ಮತ್ತೆ ಒತ್ತಿದೆ: ಹೂಂ. ಮತ್ತೆ: ಹೂಂ. ಚಕ್ರಗಳ ಹಿಂದೆಲ್ಲ ಬಗ್ಗಿ ನೋಡಿ, ಎಲ್ಲೂ ಒಸರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಂಜಿನ್ನು ಶುರು ಮಾಡಿದೆ. ಶೆಡ್ಡಿನ ಮುಂದಿನ ಸಮತಟ್ಟಿನಲ್ಲಿ ಮುಂದೆ, ಹಿಂದೆ, ಮುಂದೆ, ಹಿಂದೆ. ಪ್ರತಿ ಸಲವೂ ಹೇಳಿದಲ್ಲಿ ನಿಂತಿತು.

ಗೇಟಿನ ಆಚೆ ಹಾರನ್ನು ಕೇಳಿಸಿತು. ಮುಕ್ತಿಯಾರ್ ಇಳಿಜಾರಿನ ಕೊನೆಯಲ್ಲಿ, ಕೆರೆ ಏರಿಗೆ ಮುಟ್ಟುವಲ್ಲಿ ತನ್ನ ಪಿಕಪ್ಪು ನಿಲ್ಲಿಸಿ, ಹೆಗಲಿಗೆ ಹಗ್ಗ ಹಾಕಿಕೊಂಡು ಗೇಟಿನವರೆಗೆ ಬಂದು, ಗೋಣಿಚೀಲದ ಆಚೆಯೇ ನಿಂತು ಅಪ್ಪನನ್ನು ಕೂಗಿದ.

“ಪ್ರಸಾದಣ್ಣಾ, ನಾನ್ ಒಳೀಕ್ ಬರಲ್ಲಪ್ಪ, ನಿಮ್ ಹುಳ ನನ್ ಸೆಂಟಿನ್ ವಾಸ್ನೆಗೇ ಹೊಂಟೋದಾವು. ನೀವೇ ನೂಕ್ಕೊಂಡ್ ಬನ್ನಿ.”

ಅಪ್ಪ ಕೈತೊಳೆದು ಬಂದ. ಕೈಯಲ್ಲಿ ಒಂದು ದಪ್ಪ ಕಲ್ಲು ಹಿಡಿದಿದ್ದ, ಚಕ್ರಕ್ಕೆ ಅಡ್ಡ ಇಡಲು. “ಇಳಿ ಕವ್ನಾ, ನೂಕನಾ.”

“ನೂಕೋದು ಬೇಡಪ್ಪ. ಓಡಿಸಿಕೊಂಡು ಬರ್ತೀನಿ.”

“ಇಳುಕ್ಲು ಕಣೆ!”

“ಮಾತಂದ್ರೆ ಮಾತು ಅಂದಿದ್ದೆ.”

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಎಡಗಡೆಯ ಬಾಗಿಲು ತೆರೆದುಕೊಂಡಿತು. ಅಜ್ಜಿ ಒಂದು ಕಾಲನ್ನು ಕೈಯಲ್ಲೇ ಎತ್ತಿ ಒಳಗಿಟ್ಟು, ಕೂತು, ಬಾಗಿಲು ದಬ್ಬೆಂದು ಎಳೆದುಕೊಂಡಳು.

“ಅವ್ವಾ, ನಿನುಗ್ ತಲೆ ಕೆಟ್ಟೈತಾ? ಇಳಿ!”

“ಇಳಿಯಾಕಿಲ್ಲ ಹೋಗ್ಲಾ. ಅಷ್ಟೊತ್ತಿಂದ ಹೂಂಗುಟ್ಟಿವ್ನಿ. ಕಡೇಲೇನಾಯ್ತೂಂತ ನೋಡ್ಬ್ಯಾಡ್ವಾ? ನೀ ಬುಡವ್ವಾ ಕವ್ನಾ.”

ಬಿಟ್ಟೆ. ಗೋಣಿಚೀಲ ದಾಟಿತು, ಗೇಟು ದಾಟಿತು. ಮುಕ್ತಿಯಾರ್ ಪಕ್ಕಕ್ಕೆ ನೆಗೆದ. ಇಳಿಜಾರು ಕಾರನ್ನು ತನ್ನ ಕಡೆಗೆ ಎಳೆದುಕೊಂಡಿತು. ಕೆಳಗೆ ಪಿಕಪ್ಪಿನ ಹಿಂಬದಿ, ಅದರಾಚೆ ಕೆರೆಯ ನೀರಿನಲ್ಲಿ ಕೆಂಪು ಸೂರ್ಯ, ಎರಡೂ ದೊಡ್ಡದಾಗುತ್ತ ಬಂದವು. ಕನ್ನಡಿಯಲ್ಲಿ ಅಪ್ಪ ಕಲ್ಲು ಹಿಡಿದು ಓಡಿಬರುತ್ತಿದ್ದ. ಕಾಲು ಒತ್ತಿದೆ.

ಹೂಂ.

ಕಾರು ನಿಂತಿತು. ಇಳುಕಲಿನ ನಡುಮಧ್ಯೆ, ಅಲ್ಲಾಡದೆ. ಬಿಟ್ಟೆ, ಉರುಳಿತು. ಒತ್ತಿದೆ, ನಿಂತಿತು. ಹಾಗೆಯೇ ಒಂದೊಂದೇ ಹೆಜ್ಜೆ ಮದುಮಗಳಂತೆ ಇಳಿಸಿಕೊಂಡು ಹೋಗಿ, ಪಿಕಪ್ಪಿಗೂ ನಮಗೂ ನಡುವೆ ಒಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗ ಬಿಟ್ಟು ನಿಲ್ಲಿಸಿದೆ.

ಏದುಸಿರು ಬಿಡುತ್ತ ಬಂದ ಅಪ್ಪನಿಗೆ ಕೈಯಲ್ಲಿದ್ದ ಕಲ್ಲನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಕೆರೆಗೆ ಎಸೆದ. ಮುಕ್ತಿಯಾರ್ ಬಗ್ಗಿ ಚಕ್ರ ನೋಡಿದ, ನನ್ನ ಮುಖ ನೋಡಿದ, ಹೆಗಲ ಹಗ್ಗವನ್ನು ನಿಧಾನಕ್ಕೆ ಸುತ್ತತೊಡಗಿದ.

“ಯಾರ್ ಮಾಡಿದ್ದು ತಾಯಿ? ಯಾವ್ ಗ್ಯಾರೇಜ್ನೋರು?”

“ನಾನೇ.”

“ಪೆಡ್ಲು ಯಾರ್ ಒತ್ತಿದ್ರು?”

“ಯಾರೂ ಇಲ್ಲ. ಸ್ಟೆಪ್ನಿ ಒತ್ತಿತು.”

ಮುಕ್ತಿಯಾರ್ ನಕ್ಕ. “ಪ್ರಸಾದಣ್ಣಾ, ಹಗ್ಗ ಮನೇಗ್ ತಗೊಂಡೋಯ್ತೀನಪ್ಪ. ಬಟ್ಟೆ ಒಣಗ್ ಹಾಕಾಕಾದ್ರೂ ಆಯ್ತೈತೆ.”

ಅಪ್ಪ ಕಿಟಕಿಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. ಒಳ್ಳೆಯ ಮಾತು ಅವನ ಬಾಯಿಂದ ಯಾವತ್ತೂ ಅಡ್ಡದಾರಿಯಲ್ಲೇ ಬರುವುದು. “ಆ ಸ್ಪ್ರೇಯರ್ ಸುಟ್ಟಾಕ್ದಲ್ಲ. ಇನ್ ಮ್ಯಾಕೆ ದಿನಾ ಚನ್ನಪಟ್ಟಣಕ್ ಹೋಗಿ ಬರೋಳು ನೀನು. ಹೊಸ್ದೊಂದ್ ತಂದ್ಬುಡು.”

ದಿನಾ ಹೋಗಿ ಬರೋಳು! ನನಗೆ ಕಾರನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಲು ಸ್ಟೇರಿಂಗು ಸಿಕ್ಕಿತು.

“ನಡೀ, ಏರಿ ಮ್ಯಾಲೆ ಒಂದ್ ಸುತ್ತು,” ಅಂದಳು ಅಜ್ಜಿ. ಕಾರು ಏರಿ ಹತ್ತಿತು. ಕಿಟಕಿಯಿಂದ ಕೆರೆಯ ತಂಪು ಬರುತ್ತಿತ್ತು.

“ಅಜ್ಜೀ, ಆ ದೆವ್ವ ಈಗ ರಾಮನಗರದ ಬಂಡೆಗೆ ಹೋಗಿರುತ್ತಾ?”

“ಯಾವ್ ಬಂಡೆ? ನಿಂಗ್ಯಾರ್ ಹೇಳಿದ್ದು?” ಅಜ್ಜಿ ಅಷ್ಟು ವರ್ಷ ತಾನೇ ಹೇಳಿದ ಕಥೆಯನ್ನು ಕೈಯಲ್ಲಿ ಕೊಡವಿದಳು. “ಆ ಸೊಸೆ ಭಾರೀ ಗಟ್ಟಿಗಿತ್ತಿ ಕಣವ್ವಾ. ದೆವ್ವುನ್ನ ಹಿಡುದು ಸ್ಟೆಪ್ನಿ ಒಳಗೆ ಕೂಡಾಕುದ್ಲು. ಬೇಕಾದಾಗ ಕೆಲ್ಸ ತಗೊಳ್ಳಾಕೆ.”

“ಹೂಂ,” ಅಂದೆ.

“ಏ ಕವ್ನಾ, ಇನ್ನೊಂದ್ ಸಲ ನಿಲ್ಸೆ.”

ನಿಲ್ಲಿಸಿದೆ.

ಅಜ್ಜಿ ಮುಂದಕ್ಕೆ ಓಲಾಡಿ, ಹಿಂದಕ್ಕೆ ಬಂದು, ಬಾಯ್ತುಂಬ ನಕ್ಕಳು. “ಹೋಗು. ಆ ಹುಣಸೆಮರದ್ ತಾವ ಇನ್ನೊಂದ್ ಸಲ.”